ಎಡಕ್ಕೆ ಕಾಲು ಇಂಚು

ಎಲ್ಲ ಶುರುವಾದದ್ದು ಒಂದು ಚೀಟಿಯಿಂದ. ಅದರಲ್ಲಿದ್ದದ್ದು ಮೂರೇ ಪದ: "ಎಡ ಕಾಲು ಸರಿಮಾಡಿ."

ಲೀಗ್ ಶುರುವಾಗುವ ಮುಂಚೆ, ಮೈದಾನದ ಗೇಟಿನವನು ಒಂದು ಜೊತೆ ಕರಿ ಬೂಟಿನ ಜೊತೆಗೆ ಆ ಚೀಟಿಯನ್ನು ಮೊಳೆಬಾಯಿಯ ಅಂಗಡಿಗೆ ತಂದುಕೊಟ್ಟಿದ್ದ. ಮೊಳೆಬಾಯಿ ಬೂಟು ರಿಪೇರಿ ಮಾಡುವವನು. ಬೆಳಗಿನಿಂದ ಸಂಜೆವರೆಗೆ ಅವನ ತುಟಿಗಳ ನಡುವೆ ನಾಲ್ಕಾದರೂ ಸಣ್ಣ ಮೊಳೆಗಳಿರುತ್ತಿದ್ದವು, ಅದಕ್ಕೇ ಆ ಹೆಸರು. "ಯಾರ್ದಪ್ಪಾ ಇದು?" ಎಂದು ಕೇಳಿದ್ದಕ್ಕೆ ಗೇಟಿನವನು "ನಮ್ ಮುದುಕಂದು" ಎಂದಷ್ಟೇ ಹೇಳಿ ಸೈಕಲ್ ಹತ್ತಿದ್ದ.

ಮೊಳೆಬಾಯಿ ಬೂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಮೈದಾನದಲ್ಲಿ ಮುದುಕ ಅಂದರೆ ಇನ್ಯಾರು? ತಾತ. ಊರಿನ ತಂಡದ ಹನ್ನೊಂದನೇ ನಂಬರಿನ ವಿಂಗರ್. ಎಡಗಡೆಯ ಗೆರೆ ಹಿಡಿದು ಓಡುವವನು. ವಯಸ್ಸು ಮೂವತ್ತಾರು, ಆದರೆ ಫುಟ್‌ಬಾಲಿನಲ್ಲಿ ಮೂವತ್ತಾರು ಅಂದರೆ ಬೇರೆ ಕಡೆ ಎಂಬತ್ತು.

ಇನ್ನು ಚೀಟಿ. ಬೇರೆ ಯಾರು ಓದಿದ್ದರೂ ಎಡಗಾಲಿನ ಬೂಟು ಸರಿಮಾಡಿ ಎಂದೇ ಓದುತ್ತಿದ್ದರು. ಆದರೆ ಮೊಳೆಬಾಯಿಗೆ ಇಪ್ಪತ್ತು ವರ್ಷದಿಂದ ಕಾಲು ಎಂದರೆ ಮೈಯಲ್ಲಿರುವ ಕಾಲಲ್ಲ, ಕಾಲು ಇಂಚು. ಕಾಲು, ಅರ್ಧ, ಮುಕ್ಕಾಲು, ಇಷ್ಟರಲ್ಲೇ ಅವನ ಲೋಕ. ಎಡಕ್ಕೆ ಕಾಲು ಇಂಚು ಹಾಕಿ ಸರಿಮಾಡಬೇಕು ಎಂದುಕೊಂಡು, ಎಡ ಬೂಟಿನ ಒಳಗಿನ ಅಟ್ಟೆ ಎತ್ತಿ, ಕಾಲು ಇಂಚು ದಪ್ಪದ ಚರ್ಮದ ತುಂಡನ್ನು ಕೂರಿಸಿ, ಅಂಟು ಬಳಿದು, ಮೊಳೆ ಹೊಡೆದು ಕಳಿಸಿಬಿಟ್ಟ.

ಆಮೇಲೆ ನಡೆದದ್ದು ಊರಿಗೆಲ್ಲ ಗೊತ್ತು. ಹನ್ನೆರಡು ಸೀಸನ್ನಿನಲ್ಲಿ ತಾತ ಹೊಡೆದದ್ದು ಎರಡು ಗೋಲು, ಅದರಲ್ಲೂ ಒಂದು ಸ್ವಂತ ತಂಡದ ಬಲೆಗೇ. ಅವನು ಒದ್ದ ಚೆಂಡನ್ನು ಮೈದಾನದ ಪಕ್ಕದ ಬೇಕರಿಯ ಮಾಡಿನಿಂದ ಇಳಿಸುವುದಕ್ಕೆಂದೇ ಒಂದು ಏಣಿ ಇಟ್ಟಿದ್ದರು. ಅಂಥ ತಾತ ಈ ಒಂದೇ ಸೀಸನ್ನಿನಲ್ಲಿ ಒಂಬತ್ತು ಗೋಲು ಹೊಡೆದಿದ್ದ. ತಂಡ ಮೊದಲ ಸಲ ಫೈನಲ್ಲಿಗೆ ಬಂದಿತ್ತು. ಕಪ್ ಗೆದ್ದರೆ ತಾತನಿಗೆ ಇನ್ನೊಂದು ವರ್ಷ, ಇಲ್ಲವಾದರೆ ಕೈಕುಲುಕಿ ಮನೆಗೆ ಕಳಿಸುವುದು ಎಂದು ಕಮಿಟಿಯವರು ಹೇಳಿಯಾಗಿತ್ತು.

ಫೈನಲ್ ದಿನ ಬೆಳಿಗ್ಗೆ ಪಕ್ಕದ ಕ್ಷೌರದಂಗಡಿಯಲ್ಲಿ ಕೂದಲಿಗಿಂತ ಮಾತೇ ಜಾಸ್ತಿ ಉದುರುತ್ತಿತ್ತು. ಕತ್ತರಿಯಣ್ಣ ಒಬ್ಬ ಗಿರಾಕಿಯ ಅರ್ಧ ಗಡ್ಡ ಬೋಳಿಸಿ, ಇನ್ನರ್ಧವನ್ನು ಮರೆತು, ಬಾಚಣಿಗೆಯಲ್ಲಿ ಗಾಳಿಗೆ ಗೆರೆ ಎಳೆಯುತ್ತಿದ್ದ.

"ನೋಡ್ರಿ, ಮೊದ್ಲು ಅವ್ನು ಚೆಂಡು ನೋಡ್ಕೊಂಡು ಓಡ್ತಿದ್ದ. ಈಗ ತಲೆ ಎತ್ತಿ ಮನುಷ್ಯರನ್ನ ನೋಡ್ತಾನೆ. ಅರ್ಧ ಸೆಕೆಂಡ್ ಕಾಯ್ತಾನೆ. ಆ ಅರ್ಧ ಸೆಕೆಂಡ್ ಕಲಿಯೋಕೆ ಅವ್ನಿಗೆ ಹನ್ನೆರಡು ವರ್ಷ ಬೇಕಾಯ್ತು."

"ಏನಿಲ್ಲ, ಬೆಳಿಗ್ಗೆ ಬೆಳಿಗ್ಗೆ ಕೆರೇಲಿ ಈಜ್ತಾನಂತೆ," ಎಂದ ಅರ್ಧಗಡ್ಡದವನು.

"ಈಜಿದ್ರೆ ಗೋಲ್ ಬರೋದಾದ್ರೆ ಮೀನುಗಳೇ ಕಪ್ ಹೊಡೀಬೇಕಿತ್ತು ಕಣಯ್ಯಾ."

ಮೊಳೆಬಾಯಿ ಬಾಗಿಲಲ್ಲಿ ನಿಂತು ನಕ್ಕ. ಮೊಳೆಗಳನ್ನು ಅಂಗೈಗೆ ಉಗುಳಿ, "ಎಲ್ಲ ಬೂಟಿಂದು ಕಣಣ್ಣ. ಅವ್ನ ಬೂಟು ನನ್ ಕೈಯಲ್ಲಿ ಹೋಗಿದ್ದು. ಎಡಕ್ಕೆ ಕಾಲು ಇಂಚು," ಎಂದ. ಇದನ್ನು ಅವನು ಈ ಸೀಸನ್ನಿನಲ್ಲಿ ಎಷ್ಟನೆಯ ಸಲ ಹೇಳುತ್ತಿದ್ದಾನೋ, ಅವನ ಹೆಂಡತಿ ಎಣಿಸುವುದನ್ನೇ ಬಿಟ್ಟಿದ್ದಳು.

ಅಷ್ಟರಲ್ಲಿ ಗೇಟಿನವನ ಸೈಕಲ್ ಬಂತು. ಅದೇ ಬಟ್ಟೆಯ ಚೀಲ, ಅದೇ ಕರಿ ಬೂಟು. "ಮುದುಕಂದು. ಮೂರು ಗಂಟೆಗೆ ತಗೊಂಡು ಹೋಗ್ತೀನಿ," ಎಂದು ಹೇಳಿ ಹೋದ. ಒಳಗೆ ಹೊಸ ಚೀಟಿ: "ಎಡಗಾಲಿನದು ಎತ್ತರವಾಗಿದೆ. ಹಿಮ್ಮಡಿ ಸಡಿಲ ಅಂತ ಕೊಟ್ಟರೆ ಒಳಗೆ ಏನೋ ತುಂಬಿದ್ದೀರಿ. ದಯವಿಟ್ಟು ತೆಗೆಯಿರಿ."

ಮೊಳೆಬಾಯಿ ಎರಡು ಸಲ ಓದಿದ. ಮೂರನೆಯ ಸಲಕ್ಕೆ ಹಳೆಯ ಚೀಟಿಯ ಅರ್ಥ ತಲೆಗೆ ಹೊಕ್ಕಿತು. ಕಾಲು ಅಂದರೆ ಕಾಲು. ಬರೀ ಕಾಲು. ಅವನ ಮುಖ ನೆನೆಸಿಟ್ಟ ಚರ್ಮದ ಹಾಗೆ ಜೋತುಬಿತ್ತು.

ಕತ್ತರಿಯಣ್ಣ ಚೀಟಿ ಕಿತ್ತುಕೊಂಡು ಓದಿದ. "ಮುಟ್ಬೇಡ. ಕೈಮುಗೀತೀನಿ, ಮುಟ್ಬೇಡ ಕಣೋ. ತಪ್ಪೋ ಸರಿಯೋ, ಆ ಕಾಲು ಇಂಚಲ್ಲೇ ಒಂಬತ್ತು ಗೋಲ್ ಇರೋದು."

"ಗಿರಾಕಿ ತೆಗಿ ಅಂತ ಬರ್ದಿದಾರಲ್ಲಣ್ಣ."

"ಅವ್ನಿಗೇನ್ ಗೊತ್ತು? ಅವ್ನು ಬರೀ ಆಡೋನು."

ಗದ್ದಲ ಕೇಳಿ ಮೊಳೆಬಾಯಿಯ ಹೆಂಡತಿ ಒಳಗಿನಿಂದ ಬಂದಳು. ಎರಡೂ ಕಡೆಯ ವಾದ ಕೇಳಿ, "ರೀ, ಕಾಲು ಯಾರ್ದು? ಅವ್ರದ್ದು. ನೋವು ಯಾರ್ದು? ಅವ್ರದ್ದು. ಇಷ್ಟು ದಿನ ಆ ಮನುಷ್ಯನ್ನ ಕುಂಟಿಸಿದ್ದು ಸಾಲ್ದಾ? ತೆಗೀರಿ ಸುಮ್ನೆ," ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಮೊಳೆಬಾಯಿ ತುಂಡನ್ನು ಕಿತ್ತು, ಹಿಮ್ಮಡಿ ಬಿಗಿ ಮಾಡಿ, ಬೂಟಿಗೆ ಮುಖ ಕಾಣುವಷ್ಟು ಪಾಲಿಶ್ ಹೊಡೆದ. "ಆ ತುಂಡು ಬಿಸಾಕ್ಬೇಡ, ಜೇಬಲ್ಲಿಟ್ಕೋ. ಬೇಕಾಗುತ್ತೆ," ಎಂದ ಕತ್ತರಿಯಣ್ಣ. ಮೂರು ಗಂಟೆಗೆ ಗೇಟಿನವನು ಬೂಟು ಒಯ್ದ. ನಾಲ್ಕಕ್ಕೆ ಬೀದಿಗೆ ಬೀದಿಯೇ ಮೈದಾನದಲ್ಲಿತ್ತು.

ಊರಿನ ಲೀಗಿಗೆ ಇರುವುದು ಅದೊಂದೇ ಮೈದಾನ. ಒಂದು ತುದಿಯಲ್ಲಿ ಬೇಕರಿ, ಇನ್ನೊಂದು ತುದಿಯಲ್ಲಿ ನೀರಿನ ಟ್ಯಾಂಕು. ಮೊದಲರ್ಧದಲ್ಲಿ ನಮ್ಮವರ ದಾಳಿ ಬೇಕರಿ ಕಡೆಗೆ. ತಾತ ಗೆರೆಯ ಪಕ್ಕ ಬಂದು ನಿಂತಾಗ ಮರದ ಮೆಟ್ಟಿಲುಗಳೆಲ್ಲ "ತಾತಾ, ತಾತಾ" ಎಂದು ಅಲುಗಾಡಿದವು. ಹಿಂದಿನ ವರ್ಷ ಇದೇ ಜನ ಇದೇ ಪದವನ್ನು ಬೈಗುಳದ ಹಾಗೆ ಕೂಗುತ್ತಿದ್ದರು.

ಹನ್ನೆರಡನೆಯ ನಿಮಿಷ. ತಾತನಿಗೆ ಚೆಂಡು ಸಿಕ್ಕಿತು. ಎದುರಿಗಿದ್ದದ್ದು ಗೋಲ್‌ಕೀಪರ್ ಒಬ್ಬನೇ. ತಲೆ ಎತ್ತಿದ, ಅರ್ಧ ಸೆಕೆಂಡ್ ಕಾದ, ಒದ್ದ. ಬಲೆ ಗುಬ್ಬಿಯ ಹಾಗೆ ಪುರ್ರೆಂದಿತು. ಜನ ಎದ್ದು ಒಬ್ಬರ ಮೇಲೊಬ್ಬರು ಬಿದ್ದರು. ಕತ್ತರಿಯಣ್ಣ ಪರಿಚಯವೇ ಇಲ್ಲದ ಒಬ್ಬ ಹೆಂಗಸಿನ ಛತ್ರಿಯನ್ನು ತಬ್ಬಿಕೊಂಡ.

ಆಗ ಗೆರೆಯ ಪಕ್ಕದಲ್ಲಿ ಒಂದು ಬಾವುಟ ಮೇಲೆದ್ದಿತು. ಆಫ್‌ಸೈಡ್. ಎದುರಾಳಿಯ ಕಾವಲಿನವರನ್ನು ದಾಟಿ ಮುಂದೆ ನಿಂತವನಿಗೆ ಚೆಂಡು ಕೊಟ್ಟರೆ ಗೋಲು ಲೆಕ್ಕಕ್ಕಿಲ್ಲ. ಅದನ್ನು ಹಿಡಿಯಬೇಕಾದವನು ಗೆರೆಯ ಪಕ್ಕ ಜೊತೆಜೊತೆಗೇ ಓಡುವ, ಆ ತುದಿಯ ಲೈನ್‌ಮನ್.

ಮೂವತ್ತನೆಯ ನಿಮಿಷಕ್ಕೆ ಇನ್ನೊಂದು ಗೋಲು. ಇನ್ನೊಂದು ಬಾವುಟ.

ಕತ್ತರಿಯಣ್ಣ ನಿಧಾನವಾಗಿ ಮೊಳೆಬಾಯಿಯ ಕಡೆ ತಿರುಗಿದ. "ಹೆಜ್ಜೆ ತಪ್ಪಿದೆ. ಒಂದು ಗೇಣು ಮುಂದೆ ಹೋಗ್ತಾ ಇದಾನೆ. ಯಾಕೆ ಹೇಳು?"

"ಯಾಕಣ್ಣ?"

"ಕಾಲು ಇಂಚು ತೆಗ್ದೆಯಲ್ಲ, ಹಗುರ ಆಗೋದ." ಆಮೇಲೆ ಹಿಂದಿನ ಸಾಲಿಗೂ ಕೇಳುವ ಹಾಗೆ, "ಇವ್ನೇ ತೆಗ್ದಿದ್ದು ಸ್ವಾಮಿ. ಬೇಡ ಬೇಡ ಅಂದೆ."

ಹಿಂದಿನ ಸಾಲು ಅದರ ಹಿಂದಿನ ಸಾಲಿಗೆ ಹೇಳಿತು. ವಿರಾಮದ ಸೀಟಿ ಊದುವ ಹೊತ್ತಿಗೆ ಅರ್ಧ ಮೈದಾನ ಮೊಳೆಬಾಯಿಯನ್ನು ದುರುಗುಟ್ಟಿ ನೋಡುತ್ತಿತ್ತು. ಯಾರೋ ತಿಂದು ಮುಗಿಸಿದ ಕಡಲೆಕಾಯಿಯ ಸಿಪ್ಪೆ ಅವನ ತಲೆಯ ಮೇಲೆ ಉದುರಿತು. ಅದಕ್ಕಿಂತ ಅವನಿಗೆ ನೋವು ತಂದದ್ದು ತಾತ ತಲೆ ತಗ್ಗಿಸಿ ಒಳಗೆ ನಡೆದ ರೀತಿ. ಇನ್ನು ನಲವತ್ತೈದು ನಿಮಿಷದಲ್ಲಿ ಆ ಮನುಷ್ಯನ ಆಟವೇ ಮುಗಿಯುವುದಿತ್ತು.

ಮೊಳೆಬಾಯಿ ಎದ್ದ. ಜೇಬಿನಲ್ಲಿ ತುಂಡು ಇತ್ತು. ಜನರ ಮೊಣಕಾಲುಗಳ ಮೇಲಿಂದ, ಊಟದ ಡಬ್ಬಿಗಳ ಮೇಲಿಂದ, ಒಬ್ಬರ ಚಪ್ಪಲಿಯನ್ನು ಕಾಲಿಗೆ ಸಿಕ್ಕಿಸಿಕೊಂಡೇ ಓಡಿದ. ಕೆಳಗೆ ಗೇಟಿನವನು ಅಡ್ಡ ನಿಂತ.

"ಎಲ್ಲಿಗೆ?"

"ಮುದುಕರ ಬೂಟು ಅರ್ಜೆಂಟಾಗಿ ನೋಡ್ಬೇಕು ಕಣಪ್ಪಾ. ಐದೇ ನಿಮಿಷ."

"ಓ, ಬಾ ಬಾ. ಅವ್ರೂ ನಿನ್ನೇ ಕೇಳ್ತಾ ಇದ್ರು."

ಮೊಳೆಬಾಯಿಗೆ ರೋಮಾಂಚನವಾಯಿತು. ತಾತ ತನ್ನನ್ನು ಕೇಳಿದ. ಗೇಟಿನವನು ಅವನನ್ನು ತಂಡದ ಕೋಣೆಯನ್ನೂ ದಾಟಿಸಿ, ಮೂಲೆಯ ಒಂದು ಚಿಕ್ಕ ಕೋಣೆಗೆ ಕರೆದುಕೊಂಡು ಹೋಗಿ ಬಿಟ್ಟ. ಅಲ್ಲಿ ಕುರ್ಚಿಯ ಮೇಲೆ ಕಾಲು ಚಾಚಿ ಕುಳಿತಿದ್ದದ್ದು ತಾತ ಅಲ್ಲ. ನರೆತ ಮೀಸೆಯ, ಐವತ್ತೆಂಟರ ಲೈನ್‌ಮನ್. ಬಾವುಟ ಗೋಡೆಗೆ ಒರಗಿತ್ತು. ಬೂಟುಗಳು ಕುರ್ಚಿಯ ಕೆಳಗೆ ಫಳಫಳ ಹೊಳೆಯುತ್ತಿದ್ದವು.

"ಇವು... ನಿಮ್ದಾ ಸಾರ್?"

"ಮತ್ತೆ ಯಾರ್ದು? ಬನ್ನಿ ಬನ್ನಿ. ನಿಮ್ ಕೈಗೆ ನಮಸ್ಕಾರ ಕಣ್ರೀ. ಸೀಸನ್ ಪೂರ್ತಿ ಕುಂಟಿದೀನಿ. ಮಂಡಿ ಹೋಯ್ತು ಅಂತ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು. ಬೂಟಿಂದು ಅಂತ ನಿನ್ನೆ ಗೊತ್ತಾಯ್ತು. ಈ ತುದೀಲಿ ಯಾರು ಓಡಿದ್ರೂ ನಾನು ಅಲ್ಲಿಗೆ ಹೋಗೋ ಹೊತ್ಗೆ ಗೋಲೇ ಆಗೋಗಿರ್ತಿತ್ತು. ಇವತ್ತು ನೋಡಿ, ಹುಡುಗನ ಥರ ಓಡ್ತಾ ಇದೀನಿ."

ಮೊಳೆಬಾಯಿ ಬೂಟಿನಿಂದ ಬಾವುಟಕ್ಕೆ, ಬಾವುಟದಿಂದ ಬೂಟಿಗೆ ಕಣ್ಣು ಹೊರಳಿಸಿದ. ಹಾಗಾದರೆ ಒಂಬತ್ತು ಗೋಲಿಗೆ ಕಾರಣ ತಾತನ ಕಾಲೂ ಅಲ್ಲ, ಬೂಟೂ ಅಲ್ಲ. ಈ ಯಜಮಾನರ ಕುಂಟು. ತಾತ ಆಫ್‌ಸೈಡಿನಲ್ಲಿ ನಿಂತು ಹೊಡೆದರೂ ಬಾವುಟ ಎತ್ತುವವರು ಹಿಂದೆಲ್ಲೋ ಎಣ್ಣೆ ಹಚ್ಚಿದ ಮಂಡಿ ಎಳೆದುಕೊಂಡು ಬರುತ್ತಿದ್ದರು. ಈಗ ಆ ಕಾಲು ನೆಟ್ಟಗಾಗಿದೆ. ಮಾಡಿದವನು ತಾನೇ.

ಹೊರಗೆ ಜನ "ತಾತಾ, ತಾತಾ" ಎನ್ನುತ್ತಿದ್ದರು. ಮೊಳೆಬಾಯಿ ಇಪ್ಪತ್ತು ವರ್ಷದಲ್ಲಿ ಒಬ್ಬ ಗಿರಾಕಿಗೂ ಮೋಸ ಮಾಡಿದವನಲ್ಲ. ಅವನ ಕೈ ಮಾತ್ರ ಅವನನ್ನು ಕೇಳದೆ ಜೇಬಿಗೆ ಹೋಯಿತು.

"ಎಡದ್ದು ಸ್ವಲ್ಪ ಕೊಡಿ ಸಾರ್. ಒಂದು ಮೊಳೆ ಎದ್ದಂಗಿದೆ. ಚುಚ್ಚಿಬಿಟ್ರೆ ಕಷ್ಟ."

"ಎಂಥ ಒಳ್ಳೆ ಮನುಷ್ಯ ರೀ ನೀವು," ಎಂದು ಲೈನ್‌ಮನ್ ಬೂಟು ಕೊಟ್ಟು, ನೀರು ಕುಡಿಯಲು ತಲೆ ಮೇಲೆತ್ತಿದರು. ಅವರು ತಲೆ ಇಳಿಸುವಷ್ಟರಲ್ಲಿ ಕಾಲು ಇಂಚು ಒಳ ಅಟ್ಟೆಯ ಕೆಳಗೆ ಮಲಗಿತ್ತು.

ಮೊಳೆಬಾಯಿ ಬೆವರು ಒರೆಸಿಕೊಳ್ಳುತ್ತ ಮೇಲೆ ಬಂದು ಕತ್ತರಿಯಣ್ಣನ ಕಿವಿಯಲ್ಲಿ, "ಹಾಕ್ಬಂದೆ," ಎಂದ. ಯಾರ ಬೂಟಿಗೆ ಎಂದು ಹೇಳಲಿಲ್ಲ. ಕತ್ತರಿಯಣ್ಣ ಅವನ ತಲೆಯ ಮೇಲಿನ ಸಿಪ್ಪೆಯನ್ನು ತಾನೇ ಕೊಡವಿ, "ನೀನು ಮನುಷ್ಯ ಕಣೋ," ಎಂದು ಬೆನ್ನು ತಟ್ಟಿದ.

ತಂಡಗಳು ಬಂದವು. ತಾತ ನಡೆಯುತ್ತ ನಡೆಯುತ್ತ ಮೈದಾನದ ಆ ತುದಿಗೆ ಹೋದ.

"ಅಲ್ಲಿಗ್ಯಾಕೆ ಹೋಗ್ತಾ ಇದಾನಣ್ಣ?" ಎಂದ ಮೊಳೆಬಾಯಿ.

"ವಿರಾಮ ಆದ್ಮೇಲೆ ದಿಕ್ಕು ಬದಲಾಗುತ್ತಲ್ಲೋ. ನಮ್ದು ಟ್ಯಾಂಕಿನ ಕಡೆ. ಬೇಕರಿ ಕಡೆ ಇನ್ನು ಅವ್ರ ದಾಳಿ."

"ಲೈನ್‌ಮನ್ನು?"

"ಲೈನ್‌ಮನ್ ಯಾಕೆ ಬದಲಾಗ್ತಾನೆ? ತುದಿಗೊಬ್ಬ, ಇದ್ದಲ್ಲೇ ಇರ್ತಾನೆ. ಇಷ್ಟು ವರ್ಷದಿಂದ ಏನ್ ಆಟ ನೋಡ್ತಿದೀಯ ನೀನು?"

ಮೊಳೆಬಾಯಿ ತನ್ನ ಖಾಲಿ ಜೇಬನ್ನು ತಡಕಿದ.

ಐದೇ ನಿಮಿಷ. ಎದುರಾಳಿಯ ಒಬ್ಬ ದಢೂತಿ ಆಟಗಾರ ನಮ್ಮ ಕಾವಲಿನವರನ್ನು ದಾಟಿ, ಬಸ್ಸಿಗೆ ಕಾಯುವವನ ಹಾಗೆ ಆರಾಮವಾಗಿ ನಿಂತಿದ್ದ. ಚೆಂಡು ಬಂತು, ಒದ್ದ, ಗೋಲು. ಎಲ್ಲರೂ ಬಾವುಟದ ಕಡೆ ನೋಡಿದರು. ಲೈನ್‌ಮನ್ ಇಪ್ಪತ್ತು ಗಜ ಹಿಂದೆ, ಎಡಗಾಲು ಎತ್ತೆತ್ತಿ ಹಾಕುತ್ತ, ಕೊಕ್ಕರೆಯ ಹಾಗೆ ಬರುತ್ತಿದ್ದರು.

ಆದರೆ ಆ ತುದಿಯಲ್ಲಿ ಬೇರೆಯದೇ ಆಟ ನಡೆದಿತ್ತು. ಎಪ್ಪತ್ತನೆಯ ನಿಮಿಷಕ್ಕೆ ತಾತ ಅರ್ಧ ಮೈದಾನದಿಂದ ಚೆಂಡು ಹಿಡಿದು ಹೊರಟ. ಒಬ್ಬ ಹೋದ, ಇಬ್ಬರು ಹೋದರು, ಮೂರನೆಯವನು ಜಾರಿ ಕುಳಿತೇ ಚಪ್ಪಾಳೆ ತಟ್ಟಬೇಕೆಂದುಕೊಂಡವನ ಹಾಗೆ ನೋಡುತ್ತ ಉಳಿದ. ಆ ಕಡೆಯ ಲೈನ್‌ಮನ್ ಇಪ್ಪತ್ತೈದರ ತರುಣ, ಕುದುರೆಯಂತೆ ಜೊತೆಗೇ ಓಡುತ್ತಿದ್ದ, ಬಾವುಟ ಎತ್ತಲು ಅವನಿಗೆ ಏನೂ ಸಿಗಲಿಲ್ಲ. ತಾತ ತಲೆ ಎತ್ತಿದ. ಕಾದ. ಚೆಂಡು ಗೋಲ್‌ಕೀಪರನ ಬೆರಳ ತುದಿಯನ್ನು ಸವರಿಕೊಂಡು ಮೂಲೆಗೆ ಹೋಗಿ ಕುಳಿತಿತು. ಶುದ್ಧ ಗೋಲು. ಮೈದಾನ ಹುಚ್ಚೆದ್ದಿತು. ಕತ್ತರಿಯಣ್ಣ ಅತ್ತ. ಮೊಳೆಬಾಯಿಯೂ ಅತ್ತ, ಆದರೆ ಅವನ ಕಾರಣ ಬೇರೆ. ತಾತನಿಗೆ ಯಾರ ಕುಂಟೂ ಬೇಕಿರಲಿಲ್ಲ. ಅವನು ನಿಜವಾಗಿಯೂ ಆಟ ಕಲಿತುಬಿಟ್ಟಿದ್ದ. ತಾನು ಸುಮ್ಮನೆ ಕುಳಿತು ಕಡಲೆಕಾಯಿ ತಿಂದಿದ್ದರೆ ಈಗ ಒಂದು ಸೊನ್ನೆ, ಕಪ್ ನಮ್ಮದು.

ಎಂಬತ್ತೆಂಟನೆಯ ನಿಮಿಷದಲ್ಲಿ ಆ ದಢೂತಿ ಮತ್ತೆ ಬಸ್‌ಸ್ಟಾಪಿನಲ್ಲಿ ನಿಂತ. ಕೊಕ್ಕರೆ ಮತ್ತೆ ತಡವಾಗಿ ಬಂತು. ಎರಡು ಒಂದು. ಸೀಟಿ.

ಜನ ಕರಗಿದರೂ ಬೀದಿಯವರು ಮಾತ್ರ ತಾತನನ್ನು ನೋಡಲು ಗೆರೆಯ ಪಕ್ಕ ನಿಂತಿದ್ದರು. ತಾತ ಬರಿಗಾಲಲ್ಲಿ, ಬೂಟು ಕೈಯಲ್ಲಿ ಹಿಡಿದು ನಗುತ್ತ ಬಂದ. "ಕಪ್ ಹೋಯ್ತು. ಆದ್ರೆ ಆ ಗೋಲ್ ನೋಡಿ ಕಮಿಟಿಯವ್ರು ಇನ್ನೊಂದ್ ವರ್ಷ ಕೊಟ್ರು," ಎಂದ. ಮತ್ತೆ ಕೂಗು ಎದ್ದಿತು. ಆಮೇಲೆ ಅವನು ಸುತ್ತ ನೋಡಿ, "ನಿಮ್ಮಲ್ಲಿ ಬೂಟು ರಿಪೇರಿಯವ್ರು ಯಾರು? ನಿಮ್ಮ ಕೈ ಬಹಳ ಚೆನ್ನಾಗಿದೆ ಅಂತ ಎಲ್ಲ ಹೇಳ್ತಾರೆ. ಯಾವತ್ತೂ ಕೊಟ್ಟಿಲ್ಲ ನಾನು. ಮುಂದಿನ ಸೀಸನ್ನಿಗೆ ಇದನ್ನ ಸ್ವಲ್ಪ ನೋಡಿಕೊಡ್ತೀರಾ ಅಣ್ಣ?" ಎಂದು ಕೇಳಿದ.

"ಯಾವತ್ತೂ ಕೊಟ್ಟಿಲ್ವಾ?" ಎಂದ ಕತ್ತರಿಯಣ್ಣ.

ಮೊಳೆಬಾಯಿಗೆ ಅದು ಕೇಳಿಸಲಿಲ್ಲ. ಅವನು ಎರಡೂ ಕೈ ಚಾಚಿದ್ದ. ತಾತನ ಬೂಟಿನ ಬಿಸಿ ಇನ್ನೇನು ಅಂಗೈಗೆ ತಾಗಬೇಕು, ಅಷ್ಟರಲ್ಲಿ ಹಿಂದಿನಿಂದ ಯಾರೋ ಕುಂಟುತ್ತ ಬಂದರು.

"ಅಯ್ಯೋ, ಇಲ್ಲೇ ಇದೀರಾ, ಒಳ್ಳೇದಾಯ್ತು," ಎಂದರು ಲೈನ್‌ಮನ್, ಏದುಸಿರು ಬಿಡುತ್ತ, ತುಂಬು ಪ್ರೀತಿಯಿಂದ. "ವಿರಾಮದಲ್ಲಿ ನನ್ನ ಬೂಟು ನೋಡಿದ್ರಲ್ಲ, ಆಗ ನಿಮ್ಮ ಸಾಮಾನು ಒಳಗೇ ಮರೆತುಬಿಟ್ಟಿದ್ರಿ. ತಗೊಳ್ಳಿ."

ಎಲ್ಲರ ಕಣ್ಣ ಮುಂದೆ ಆ ಚರ್ಮದ ತುಂಡು ಗಾಳಿಯಲ್ಲಿ ನಿಂತಿತ್ತು. ಬೀದಿಯವರು ತುಂಡನ್ನು ನೋಡಿದರು, ಲೈನ್‌ಮನ್ನಿನ ಎಡಗಾಲನ್ನು ನೋಡಿದರು, ಬೇಕರಿ ಕಡೆಯ ಗೋಲನ್ನು ನೋಡಿದರು. ಕತ್ತರಿಯಣ್ಣ ತುಟಿಯಲ್ಲೇ ಏನೋ ಲೆಕ್ಕ ಹಾಕುತ್ತಿದ್ದ, ಲೆಕ್ಕ ಮುಗಿದ ಹಾಗೆ ಕಂಡಿತು.

ತಾತ ತಲೆ ಎತ್ತಿ ಮೊಳೆಬಾಯಿಯನ್ನು ನೋಡಿದ. ಅರ್ಧ ಸೆಕೆಂಡ್ ಕಾದ. ಬೂಟಿನ ಎರಡೂ ದಾರಗಳನ್ನು ಸೇರಿಸಿ ಗಂಟು ಹಾಕಿ, ಹೆಗಲಿಗೆ ನೇತುಹಾಕಿಕೊಂಡ.

"ಬಿಡಿ ಅಣ್ಣ," ಎಂದ ಬಹಳ ಮರ್ಯಾದೆಯಿಂದ, "ಇವು ಹೀಗೇ ಇರ್ಲಿ."