ಸಪ್ತಾಪುರಕ್ಕೆ ಮಂಗನ ಕಾಯಿಲೆ ಬಂದದ್ದು

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ಬೀಳ್ಕೊಡುವ ದಿನ ಶಾಲು ಹೊದಿಸಿ, 'ನಿಮ್ಮ ಜ್ಞಾನ ಸಮಾಜಕ್ಕೆ ಬೇಕು' ಎಂದು ಭಾಷಣ ಮಾಡಿದರು. ಆಮೇಲೆ ಸಮಾಜ ನನ್ನನ್ನು ಏನೂ ಕೇಳಲಿಲ್ಲ. ಕೇಳಿದವಳು ಹೆಂಡತಿ ಗಿರಿಜಾ ಒಬ್ಬಳೇ, ಅದೂ 'ಮೊಸರು ತಂದ್ರೇನು?' ಎಂದು. ಇನ್ನೊಂದೇ ಸಲ ತುಂಬಿದ ಸಭೆಯ ಮುಂದೆ ನಿಂತು ಮಾತಾಡಬೇಕೆಂದು ಜೀವ ಹಾತೊರೆಯುತ್ತಿತ್ತು.

ಆಗ ಸಿಕ್ಕಿತು ಆ ಪುಟ. ಯಾವ ಊರಿನ ಜನ ಇಂಟರ್‌ನೆಟ್ಟಿನಲ್ಲಿ ಏನನ್ನು ಹೆಚ್ಚು ಹುಡುಕುತ್ತಿದ್ದಾರೆಂದು ಗೆರೆ ಎಳೆದು ತೋರಿಸುವ ಪುಟ. ಜನ ತಮ್ಮ ಭಯವನ್ನು ಡಾಕ್ಟರಿಗಿಂತ ಮೊದಲು ಮೊಬೈಲಿಗೆ ಹೇಳುತ್ತಾರೆ ಎಂಬುದು ನನ್ನ ಘನ ಸಿದ್ಧಾಂತ. ಒಂದೊಂದೇ ರೋಗದ ಹೆಸರು ಹಾಕುತ್ತ ಹೋದೆ. ನೆಗಡಿಯ ಗೆರೆ ಮಲಗಿತ್ತು. ಡೆಂಗಿಯ ಗೆರೆ ತೆವಳುತ್ತಿತ್ತು. ಮಂಗನ ಕಾಯಿಲೆ ಎಂದು ಹಾಕಿದೆ ನೋಡಿ, ನಮ್ಮ ಧಾರವಾಡದ ಗೆರೆ ನೆಟ್ಟಗೆ ಮೇಲೇರಿತ್ತು!

ಅದು ಕಾಡಿನ ಸೀಮೆಯಲ್ಲಿ ಉಣ್ಣಿ ಕಚ್ಚಿ ಬರುವ ಜ್ವರ. ನಮ್ಮೂರಿಗೇನು ಸಂಬಂಧ ಎಂದು ತಲೆಯೆತ್ತಿದೆ. ಎದುರು ಮನೆಯ ನೀರಿನ ಟಾಕಿಯ ಮೇಲೆ ಎರಡು ಮಂಗಗಳು ಕೂತಿದ್ದವು; ಒಂದರ ತಲೆಯಿಂದ ಇನ್ನೊಂದು ಏನನ್ನೋ ಹೆಕ್ಕುತ್ತಿತ್ತು. ಸಂಖ್ಯಾಶಾಸ್ತ್ರ ಕಲಿಸಿದವನಿಗೆ ಇನ್ನೇನು ಸಾಕ್ಷಿ ಬೇಕು?

ಗಿರಿಜಾ ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು.

"ಲಗೂನ ಕೆಳಗ ಬಾ. ಊರಿಗೆ ಮಂಗನ ಬ್ಯಾನಿ ಬಂದೈತಿ."

"ಯಾರಿಗೆ ಬಂದೈತ್ರಿ?"

"ಅದಿನ್ನೂ ಗೊತ್ತಿಲ್ಲ. ಆದ್ರ ಎಲ್ಲಾರೂ ಹುಡುಕಾಕತ್ತಾರ."

"ರೋಗಿನ್ನೇನು?"

"ರೋಗದ ಹೆಸರು. ಮೊಬೈಲಿನ್ಯಾಗ."

ಅವಳು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ನಾನು ಕೋಲು ಹಿಡಿದು ಮಾಳಿಗೆ ಹತ್ತಿ, ಎದುರು ಮನೆಯ ಕಡೆ ಬೀಸಿ ಕೂಗಾಡಿದೆ. ಅಲ್ಲಿಯವರೆಗೆ ಆ ಮಂಗಗಳಿಗೆ ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಇರುವ ಸುದ್ದಿಯೇ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಒಂದೇ ಜಿಗಿತಕ್ಕೆ ಬಂದವು. ನಾನು ಕೋಲು ಬಿಟ್ಟು ಕೆಳಗೆ ಓಡಿದೆ. ಗಿರಿಜಾಳ ಬೇಸಿಗೆಯ ದುಡಿಮೆಯೆಲ್ಲ ಮಂಗಗಳ ಹೊಟ್ಟೆ ಸೇರಿತು, ಅವಳು ನನ್ನ ಜೊತೆ ಮಾತು ಬಿಟ್ಟಳು. ಇನ್ನು ಉಪನ್ಯಾಸ ಮಾಡಿ ಊರನ್ನು ಉಳಿಸದೆ ಮನೆಯಲ್ಲಿ ಮುಖ ತೋರಿಸುವಂತಿರಲಿಲ್ಲ.

'ಮಂಗನ ಕಾಯಿಲೆ: ಉಚಿತ ವಿಶೇಷ ಉಪನ್ಯಾಸ, ರವಿವಾರ, ಸಮುದಾಯ ಭವನ' ಎಂದು ಸ್ವಂತ ಕೈಯಿಂದ ಬರೆದು, ಜೆರಾಕ್ಸ್ ಮಾಡಿಸಿ, ನಮ್ಮ ಬಡಾವಣೆ ಸಪ್ತಾಪುರದ ಕಂಬಕಂಬಕ್ಕೆ ಅಂಟಿಸಿದೆ. ಕಂಬಗಳ ಮೇಲೆ ಆಗಲೇ ಕೋಚಿಂಗ್ ಕ್ಲಾಸುಗಳ ಚೀಟಿ ತುಂಬಿದ್ದವು. ಅವುಗಳ ನಡುವೆ ನನ್ನದೂ ಕೂತಿತು.

ರವಿವಾರ ಸಮುದಾಯ ಭವನಕ್ಕೆ ಹೋದರೆ ಕಾಲಿಡಲು ಜಾಗವಿಲ್ಲ. ಕಿಟಕಿಯಲ್ಲೂ ಜನ, ಎಲ್ಲರೂ ಹರೆಯದವರು. ತರುಣರಿಗೆ ಆರೋಗ್ಯದ ಬಗ್ಗೆ ಇಷ್ಟು ಕಾಳಜಿಯೇ ಎಂದು ಹಿಗ್ಗುತ್ತ ವೇದಿಕೆ ಹತ್ತಿದೆ. ಸಿಟ್ಟಿದ್ದರೂ ಗಿರಿಜಾ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಗೆರೆಯ ಏರಿಳಿತವನ್ನು ಮನಸಾರೆ ವಿವರಿಸಿದೆ. ಮಧ್ಯೆ ಮಧ್ಯೆ 'ಯಾರೂ ಹೆದರಬೇಡಿ' ಎಂದೆ. ಯಾರೂ ಹೆದರಿದಂತೆ ಕಾಣಲಿಲ್ಲ. ಎಲ್ಲರೂ ಬರೆದುಕೊಳ್ಳುತ್ತಿದ್ದರು. 'ಹೆದರಬೇಡಿ' ಎಂಬುದನ್ನೂ ಬರೆದುಕೊಂಡರು.

"ಏನರ ಕೇಳೂದಿದ್ರ ಕೇಳ್ರಿ" ಎಂದೆ.

ಮುಂದಿನ ಸಾಲಿನ ಹುಡುಗಿ ಎದ್ದಳು. "ಸರ್, ಇದು ಮೊದಲ ಯಾವ ತಾಲೂಕಿನ್ಯಾಗ ಕಂಡಿತ್ರಿ? ಈ ಸಲ ಪರೀಕ್ಷಾದಾಗ ಗ್ಯಾರಂಟಿ ಬರ್ತೈತಿ ಅಂತ ಎಲ್ಲಾ ಕ್ಲಾಸಿನ್ಯಾಗೂ ಹೇಳಾಕತ್ತಾರ್ರಿ."

"ಪರೀಕ್ಷಾ? ನಿಮಗ ರೋಗದ ಭಯ ಇಲ್ಲೇನು?"

"ಕಟ್ ಆಫ್ ಭಯ ಐತ್ರಿ ಸರ್."

ಸುತ್ತಲಿನ ಜಿಲ್ಲೆಗಳಿಂದ ಬಂದು, ಕೋಣೆ ಹಿಡಿದು, ಸರಕಾರಿ ನೌಕರಿಯ ಪರೀಕ್ಷೆಗೆ ಓದುವ ಮಕ್ಕಳಿಂದಲೇ ನಮ್ಮ ಸಪ್ತಾಪುರ ತುಂಬಿದೆ. ಅಷ್ಟೂ ಮಂದಿ ಒಂದೇ ವಾರ ಒಂದೇ ರೋಗವನ್ನು ಹುಡುಕಿದ್ದರು. ನಮ್ಮ ಮೇಲಿನ ಕೋಣೆಯ ಬಾಡಿಗೆ ಹುಡುಗರೂ ಹುಡುಕಿದ್ದರಂತೆ. ನನ್ನದೇ ವೈಫೈಯಲ್ಲಿ!

ಅಷ್ಟಾದರೂ ಹುಡುಗಿಯ ಪ್ರಶ್ನೆ ಉಳಿದೇ ಇತ್ತು. ಗೆರೆ ಏರಿದ್ದು ಗೊತ್ತಿದ್ದ ನನಗೆ ರೋಗ ಕಂಡ ತಾಲೂಕು ಗೊತ್ತಿರಲಿಲ್ಲ. ಹಿಂದಿನಿಂದ ಯಾರೋ "ಸೊರಬರೀ ಸರ್, ಬರ್ಕೊಳ್ರಿ" ಎಂದರು. ನಾನು ಬರೆದುಕೊಂಡೆ.

ಹೊರಡುವಾಗ ಆ ಹುಡುಗಿಯೇ ಅಡ್ಡ ಬಂದಳು. "ಸರ್, ನೀವು ಸಾವಕಾಶ ಹೇಳ್ತೀರಿ, ಬರ್ಕೊಳ್ಳಾಕ ಛಲೋ ಆಗ್ತೈತ್ರಿ. ಮುಂದಿನ ರವಿವಾರ ಪಂಚಾಯತ್ ರಾಜ್ ತಗೋಳ್ರಿ."

ನನಗೆ ನಾಚಿಕೆಯಾಗಬೇಕಿತ್ತು. ಖರೇ ಹೇಳಬೇಕೆಂದರೆ ಖುಷಿಯಾಯಿತು. ಒಪ್ಪಿಕೊಂಡುಬಿಟ್ಟೆ.

ದಾರಿಯಲ್ಲಿ ಗಿರಿಜಾ ಮೌನ ಮುರಿದಳು. "ಪಂಚಾಯತ್ ರಾಜ್ ಬಗ್ಗೆ ನಿಮಗೇನು ಗೊತ್ತೈತ್ರಿ?"

ಏನೂ ಗೊತ್ತಿರಲಿಲ್ಲ. ಮನೆಗೆ ಬಂದು ಮೊಬೈಲು ಹಿಡಿದು ಕೂತವನು ಇನ್ನೂ ಎದ್ದಿಲ್ಲ. ಈ ವಾರ ಪಂಚಾಯತ್ ರಾಜ್ ಬಗ್ಗೆ ಧಾರವಾಡದ ಜನರ ಆಸಕ್ತಿ ಏಕಾಏಕಿ ಏರಿದ್ದು ಯಾವನಾದರೂ ಪಂಡಿತನಿಗೆ ಕಂಡರೆ, ದಯವಿಟ್ಟು ಯಾವ ಸಿದ್ಧಾಂತವನ್ನೂ ಕಟ್ಟಬಾರದು. ಅದು ನಾನು.