ಕಣದಲ್ಲಿ ಬಿಚ್ಚಿದ ಕಾರು

ಹಳೆ ಕಾರು ಇಟ್ಟುಕೊಂಡವರ ಮನೆಯಲ್ಲಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಸ್ವಲ್ಪ ಹೆಚ್ಚು.

ಪಣ

ಹೋದ ಸಲ ಮಾರನಹಳ್ಳಿಯ ಭಾವಮೈದುನನ ಮನೆಗೆ ಹೊರಟಾಗ ಅರ್ಧ ದಾರಿಯಲ್ಲೇ ಇಂಜಿನ್ ಕುದಿಯಿತು. ನೀರು ತಳ್ಳುವ ವಾಟರ್ ಪಂಪ್ ಸವೆದುಹೋಗಿತ್ತು. ಗಂಡ ಹೆಂಡತಿ ಇಬ್ಬರೂ ಗೊಬ್ಬರದ ಪಿಕಪ್ ಹತ್ತಿ ಹೋದೆವು.

ಈಗ ಅವನ ಹೊಸ ಮನೆಯ ಗೃಹಪ್ರವೇಶ. "ಭಾವ, ಈ ಸಲಾನೂ ಗೊಬ್ಬರದ ಜೊತೆಗೇ ಬತ್ತೀರಾ?" ಎಂದು ಫೋನಿನಲ್ಲಿ ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಪಂಪ್ ನಾನೇ ಹಾಕುತ್ತೇನೆ, ಹೆಂಡತಿಯನ್ನು ಅವಳ ತಮ್ಮನ ಬಾಗಿಲಿಗೆ ನಮ್ಮ ಕಾರಿನಲ್ಲೇ ಇಳಿಸುತ್ತೇನೆ ಎಂದು ಪಣ ತೊಟ್ಟೆ.

"ಮಾಡಿ," ಎಂದಳು ಹೆಂಡತಿ. "ಪಿಕಪ್ಪಿನವನ ನಂಬರ್ ಮಾತ್ರ ಅಳಿಸ್ಬೇಡಿ."

ಸಲಹೆ

ಪಕ್ಕದ ತೋಟದ ಗೌಡರು ಕಾಫಿ ಕುಡಿಯುತ್ತ ನಿಂತರು. "ಮನೇಲಿ ರಿಪೇರಿ ಮಾಡಿದ್ರೆ ಒಂದು ಸಾಮಾನು ಮಿಕ್ಕೇ ಮಿಕ್ತೈತೆ ಕಣೋ ಮಾರಾಯ."

"ನನ್ ಕೈಲಿ ಮಿಕ್ಕಲ್ಲ, ನೋಡ್ತಿರಿ."

"ನಾನೂ ಹಂಗೇ ಅಂದಿದ್ದೆ," ಎಂದು ಜೇಬಿನಿಂದ ಬೀಗದ ಕೈ ತೆಗೆದು ತೋರಿಸಿದರು. ಅದಕ್ಕೆ ಪೋಣಿಸಿದ್ದು ಅವರ ಜೀಪಿನ ನಟ್ಟು.

ರಾಶಿ

ನೆಲ ಸಪಾಟಾಗಿದೆ ಎಂದು ಕಾಫಿ ಒಣಗಿಸುವ ಕಣದ ಅಂಚಿನಲ್ಲೇ ಕಾರು ಬಿಚ್ಚಿದೆ. ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿ ಊಟಕ್ಕೆ ಹೋದೆ. ಅಷ್ಟರಲ್ಲಿ ಮೋಡ ಕವಿಯಿತು. ಮೋಡ ಕಂಡರೆ ಕಣದಲ್ಲಿ ಇದ್ದದ್ದನ್ನೆಲ್ಲ ಗೋರಿ, ರಾಶಿ ಹಾಕಿ, ಟಾರ್ಪಾಲ್ ಹೊದಿಸುವುದು ನಮ್ಮ ಕಡೆ ಯಾರೂ ಹೇಳದೆ ಆಗುವ ಕೆಲಸ. ಕೆಲಸದ ಹೆಂಗಸರು ನನ್ನ ಬೋಲ್ಟುಗಳನ್ನೂ ಬಿಡಲಿಲ್ಲ.

ಮರುದಿನ ಎಲ್ಲರೂ ಮೊರ ಹಿಡಿದು ಕಾಫಿ ಕಾಯಿಯ ರಾಶಿಯಿಂದ ಬೋಲ್ಟು ಆರಿಸುತ್ತ ಕೂತೆವು. ಹಟ ಬಿಡದೆ ಕಡೆಯ ಬೋಲ್ಟಿನವರೆಗೂ ಹುಡುಕಿಸಿದೆ. "ಅಯ್ಯೋ ಅಣ್ಣ," ಎಂದು ಒಬ್ಬಾಕೆ ಬೇಜಾರು ಮಾಡಿಕೊಂಡಳು, "ಈ ಸಲ ಕಾಯಿ ಒಳ್ಳೆ ತೂಕ ಐತೆ ಅಂತ ಖುಷಿ ಪಟ್ಟಿದ್ವಲ್ಲ!"

ಗೇಟು

ಹೊಸ ಪಂಪ್ ಕೂತಿತು. ಒಂದು ವಾಷರ್ ಕೂಡ ಮಿಗಲಿಲ್ಲ. ಗೃಹಪ್ರವೇಶದ ಬೆಳಿಗ್ಗೆ ಹೆಂಡತಿ ಉಡುಗೊರೆಯ ದೀಪದ ಕಂಬ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. ತೋಟದ ಗೇಟು ತೆಗೆದವರೇ ಮುಚ್ಚಬೇಕು, ಇಲ್ಲದಿದ್ದರೆ ದನ ನುಗ್ಗುತ್ತವೆ. ಅವಳು ಇಳಿದು ತೆಗೆದಳು, ನಾನು ಕಾರು ದಾಟಿಸಿದೆ. ಹಿಂದೆ ಧಡ್ ಎಂದ ಸದ್ದು ಕೇಳಿದ ಮೇಲೆ ಹೊರಟೆ.

ದಾರಿಯುದ್ದಕ್ಕೂ ನನ್ನ ಕಣ್ಣು ಹೀಟ್ ತೋರಿಸುವ ಮುಳ್ಳಿನ ಮೇಲೆ. ಅದು ಅಲುಗಲಿಲ್ಲ. ನನ್ನ ಕೆಲಸವನ್ನು ನಾನೇ ಜೋರಾಗಿ ಹೊಗಳಿಕೊಂಡೆ. ಹಿಂದಿನಿಂದ ಒಂದೂ ಎದುರು ಮಾತಿಲ್ಲ. ಕೊನೆಗೂ ಒಪ್ಪಿಕೊಂಡಳಲ್ಲ ಎಂದು ಎದೆ ಉಬ್ಬಿತು.

ಹೊಸ ಮನೆಯ ಮುಂದೆ ಹಾರ್ನ್ ಹೊಡೆದೆ. ಭಾವಮೈದುನ ಓಡಿ ಬಂದು ಒಳಗೆ ಇಣುಕಿದ. "ಕಾರೇನೋ ಬಂತು. ಅಕ್ಕ ಎಲ್ಲಿ ಭಾವ?"

ತಿರುಗಿ ನೋಡಿದೆ. ಸೀಟಿನಲ್ಲಿ ದೀಪದ ಕಂಬ ಒಂದೇ ಮಲಗಿತ್ತು. ಧಡ್ ಎಂದಿದ್ದು ಕಾರಿನ ಬಾಗಿಲಲ್ಲ, ಗೇಟು.

ಸ್ವಲ್ಪ ಹೊತ್ತಿಗೆ ಅದೇ ಗೊಬ್ಬರದ ಪಿಕಪ್ ಬಂದು ನಿಂತಿತು. ಹೆಂಡತಿ ಇಳಿದು, ಸೀರೆ ಕೊಡವಿಕೊಂಡು, ತಮ್ಮನಿಗೆ ಹೇಳಿದಳು: "ನಿಮ್ ಭಾವ ರಿಪೇರಿ ಚೆನ್ನಾಗೇ ಮಾಡವ್ರೆ ಕಣೋ. ಒಂದೇ ಒಂದು ಸಾಮಾನು ಮಿಕ್ಕೋಗಿತ್ತು, ಗೇಟ್ ಹತ್ರ."