ಸಾವ್ಕಾರ್ರ ಟ್ಯಾಂಕಿನ ಹಸರು ನೀರು

ಸಿಂಧನೂರಾಗ ಬಣ್ಣದ ಮೀನಿನ ಅಂಗಡಿ ಇಟ್ಟ ಮ್ಯಾಲೆ ನಗಿ ಬರೋ ಪ್ರಸಂಗಕ್ಕ ನಾ ಎಲ್ಲೂ ಹೋಗ್ಬೇಕಾಗಿಲ್ಲ, ಅವೇ ನನ್ನ ಹುಡಿಕ್ಯಂಡು ಬರ್ತಾವ. ಬೋರ್ಡ್ ನೋಡಿ ಒಳಗ ಬರೋರಾಗ ಅರ್ಧ ಮಂದಿ ಕೇಳೋದು ಒಂದ ಮಾತು: "ಕಿಲೋ ಹ್ಯಾಂಗ್ರೀ?" ಉಳದ ಅರ್ಧ ಮಂದಿ ಟ್ಯಾಂಕ್ ಒಯ್ದು, ಅದರ ತುಂಬ ಪಾಚಿ ಬೆಳಸ್ಕ್ಯಂಡು, ನನ್ನ ಬೈಯಾಕ ಬರ್ತಾರ. ಅಕ್ಕಿ ಮಿಲ್ಲಿನ ಸಾವ್ಕಾರ್ರು ಈ ಎರಡನೇ ಪೈಕಿ.

ಒಂದೀಟು ಯೂರಿಯಾ

ಮಗಳು ಹಟ ಹಿಡದ್ಲಂತ ಸಾವ್ಕಾರ್ರು ಪಡಸಾಲ್ಯಾಗ ದೊಡ್ಡ ಟ್ಯಾಂಕ್ ಇಡಸಿದ್ರು. ಒಳಗ ಜೀವಂತ ಗಿಡ, ಸಣ್ಣ ಸಣ್ಣ ಮೀನು. ನನ್ನ ಅಂಗಡಿ ಇರೋ ಮಳಿಗಿನೂ ಅವರದ, ಅದಕ್ಕ ಜೀವ ತೇಯ್ದು ಕೆಲಸ ಮಾಡಿದ್ದೆ. ಒಂದಿನ ಫೋನ್ ಬಂತು.

"ಲೇ, ನೀರು ಹಸರಾಗೈತಿ. ಮೀನು ಅದಾವೋ ಹೋಗ್ಯಾವೋ ಕಾಣವಲ್ವು. ಐತವಾರ ಲಿಂಗಸೂಗೂರಿಂದ ಹುಡುಗಿ ನೋಡಾಕ ಬರ್ತಾರ. ಅಷ್ಟ್ರಾಗ ಸ್ವಚ್ಛ ಆಗ್ಲಿಲ್ಲಂದ್ರ ಮಳಿಗಿ ಖಾಲಿ ಮಾಡು."

ಅಂಗಡಿ ಬಾಗಲ ಎಳದು ಓಡಿದೆ. ಹೋಗಿ ನೋಡ್ತೀನಿ, ಟ್ಯಾಂಕಿನ ತುಂಬ ಪುದೀನಾ ಚಟ್ನಿ!

"ಏನ್ ಹಾಕೀರಿ ಸಾವ್ಕಾರ್ರ?"

"ಏನೂ ಇಲ್ಲಪ. ಗಿಡದ ಎಲಿ ಹಳದಿ ಆಗಿದ್ವು, ಒಂದೀಟು ಯೂರಿಯಾ ಒಗದೆ."

"ಅದೇನು ನೆಲ್ಲಿನ ಗದ್ದಿ ಏನ್ರೀ?"

"ನೀರು ನಿಂತೈತಿ, ನೀರಾಗ ಹಸರು ನಿಂತೈತಿ. ಗದ್ದಿ ಅಲ್ಲಂದ್ರ ಮತ್ತೇನಲೇ ಅದು?"

ನಾ ತೋಳು ಏರಿಸಿ ಬಕೀಟು ತಗೊಂಡೆ.

ಕಂಬಳಿ

ಅರ್ಧ ನೀರು ತಗದು ಹೊಸ ನೀರು ಹಾಕಿದೆ. ಆದರೂ ಹಸರು ಪೂರಾ ಹೋಗಲಿಲ್ಲ. ಪಾಚಿಗೆ ಬೆಳಕು ಬೇಕು, ಬೆಳಕು ಸಿಗಲಿಲ್ಲಂದ್ರ ಅದು ಸಾಯ್ತದ. "ಲೈಟ್ ಬಂದ್ ಮಾಡಿ ಮೂರ್ ದಿನ ಕಂಬಳಿ ಹೊಚ್ಚಿ ಇಡ್ರಿ, ಯಾರೂ ತಗೀಬ್ಯಾಡ್ರಿ" ಅಂತ ಹೇಳಿ, ನಾನ ಕಂಬಳಿ ಹೊಚ್ಚಿ ಬಂದೆ.

ಮರುದಿನ ಹೋದೆ. ಕಂಬಳಿ ಮ್ಯಾಲೆ ಬೇವಿನ ತಪ್ಲ ಸಿಗಿಸ್ಯಾರ. ಮುಂದ ತಾಟಿನಾಗ ಮೊಸರನ್ನ. ಸಾವ್ಕಾರ್ರ ತಾಯಿ, ಮನ್ಯಾಗ ಎಲ್ಲಾರೂ ಆಯಿ ಅಂತಾರ, ಬಾಗಲದಾಗ ನನ್ನ ತಡದ್ಲು.

"ಚಪ್ಲಿ ಹೊರಗ ಬಿಡಪಾ. ಮೆಲ್ಲಗ ಮಾತಾಡು."

"ಯಾಕಬೇ ಯವ್ವಾ?"

"ಮೀನಿಗೆ ಅಮ್ಮ ಬಂದಾಳಲ್ಲ! ನೀನ ಅಲ್ಲೇನು ಕತ್ತಲಾಗ ಕಂಬಳಿ ಹೊಚ್ಚಿ ಮಲಗಿಸಿ ಹೋದಾವ?"

ನಾ ಏನ್ ಹೇಳಿದ್ರೂ ಆಯಿ ಕೇಳಲಿಲ್ಲ. ಮನ್ಯಾಗ ಅಮ್ಮ ಬಂದ್ರ ಒಗ್ಗರಣಿ ಹಾಕಬಾರದು, ಕರೀಬಾರದು. ಒಳಗಿಂದ ಸಾವ್ಕಾರ್ರು ಕೂಗಿದ್ರು: "ಲೇ, ನಿನ್ನ ಮೀನಿನ ಸಲವಾಗಿ ನಿನ್ನೆಯಿಂದ ಒಗ್ಗರಣಿ ಇಲ್ಲದ ಬ್ಯಾಳಿ ಉಣ್ಣಾಕತ್ತೀನಿ!"

ಪಾಚಿ ತಿನ್ನೋ ಮೀನು

ಕಂಬಳಿ ತಗದಾಗ ನೀರು ತಿಳಿ ಆಗಿತ್ತು. ಗಾಜಿಗೆ, ಎಲಿಗೆ ಅಂಟಿದ ಪಾಚಿ ಮಾತ್ರ ಹಂಗ ಇತ್ತು. ಅದನ್ನ ನೆಕ್ಕಿ ತಿನ್ನೋ ಮೀನು ಎರಡು ತಂದು ಬಿಟ್ಟೆ. "ಇವಕ್ಕ ಬ್ಯಾರೆ ಏನೂ ಹಾಕಬ್ಯಾಡ್ರಿ, ಹಸದ್ರ ಕೆಲಸ ಮಾಡ್ತಾವ" ಅಂದೆ.

ಶನಿವಾರ ಹೋಗಿ ನೋಡಿದ್ರ ಗಾಜು ಇದ್ದಂಗ ಐತಿ. ಎರಡೂ ಮೀನು ಹೊಟ್ಟಿ ಉಬ್ಬಿಸ್ಕ್ಯಂಡು ತಳದಾಗ ಬಿದ್ದಾವ. ಸಾವ್ಕಾರ್ರ ಮಗಳು ಬಾಯಿಗೆ ಸೆರಗು ಹಿಡದು ನಗಾಕತ್ತಿದ್ಲು.

"ಅಣ್ಣಾ, ಆಯಿ ಅವಕ್ಕ ಹೊತ್ತೊತ್ತಿಗೆ ಸೌತಿಕಾಯಿ ಹಾಕಾಕತ್ತಾಳ."

ಆಯಿಗೆ ಸಿಟ್ಟು ಬಂತು. "ಎಲ್ಲಾ ಮೀನಿಗೂ ಕಾಳು, ಇವೆರಡಕ್ಕ ಗಾಜು ನೆಕ್ಕೋದೇನು? ನಮ್ಮ ಮನ್ಯಾಗ ಪಂಕ್ತಿಭೇದ ಇಲ್ಲಪಾ!"

ಮೀನು ಮಾಡಬೇಕಾದ ಕೆಲಸ ನನ್ನ ಪಾಲಿಗೆ ಬಂತು. ಹಲ್ಲುಜ್ಜೋ ಬ್ರಷ್ ಹಿಡದು ಒಂದೊಂದ ಎಲಿ ತಿಕ್ಕಿದೆ. ಮಳಿಗಿ ನೆನಪಾದಾಗೊಮ್ಮೆ ಇನ್ನೊಂದೀಟು ಜೋರಾಗಿ ತಿಕ್ಕಿದೆ. ಆಯಿ ನನಗೂ ಸೌತಿಕಾಯಿ ಕೊಟ್ಲು.

ಐತವಾರ

ಹುಡುಗನ ಕಡೆಯವರು ಬಂದ್ರು. ಟ್ಯಾಂಕ್ ಹೆಂಗಾಗಿತ್ತು ಅಂದ್ರ ನೀರು ಐತೋ ಇಲ್ಲೋ ಅನ್ನಂಗ. ನಾ ಮೂಲ್ಯಾಗ ವಸ್ತ್ರ ಹಿಡ್ಕಂಡು ನಿಂತು ಸಾವ್ಕಾರ್ರ ಮುಖಾನ ನೋಡಾಕತ್ತಿದ್ದೆ. ಹುಡುಗನ ಅಪ್ಪ ಅವಲಕ್ಕಿ ತಾಟು ಬಿಟ್ಟು ಎದ್ದು ಬಂದು ಟ್ಯಾಂಕಿಗೆ ಮುಖ ಹಚ್ಚಿದ್ರು. ಅವರು ಮಸ್ಕಿ ರೋಡಿನ ಹೊಲದಾಗ ಹೊಂಡ ತೋಡಿ ಮೀನು ಸಾಕಿ ಮಾರೋರು ಅಂತ ನನಗ ಆಗ ಗೊತ್ತಾತು.

"ಏನ್ರೀ ಇದು, ನೀರಾಗ ಏನೂ ಇಲ್ಲ! ಮೀನು ಏನ್ ತಿನ್ನಬೇಕು? ನಮ್ಮ ಹೊಂಡದಾಗ ನೀರು ಹಸರಾಗ್ಲಿ ಅಂತ ನಾವು ಸಗಣಿ ಹಾಕಿ ಕಾಯ್ತೀವಿ. ಒಂದೀಟು ಯೂರಿಯಾ ಒಗೀರಲಾ!"

ಸಾವ್ಕಾರ್ರು ಕುಂತಲ್ಲಿಂದ ಜಿಗದೆದ್ರು. "ನಾ ಒಗದಿದ್ದೆ ಬೀಗರ! ಈ ಮಗ ಎಲ್ಲಾ ಬಳದು ಹೊರಗ ಚೆಲ್ಯಾನ!"

ಹುಡುಗಿ ಇನ್ನೂ ಚಹಾ ತಂದಿರಲಿಲ್ಲ, ಆಗಲೇ ಬೀಗರು ಅಂದುಬಿಟ್ರು. ಬಾಗಲದ ಹಿಂದ ಹುಡುಗಿ ನಕ್ಕಳು, ಅದನ್ನ ಕೇಳಿ ಹುಡುಗ ನಕ್ಕ, ಆಮ್ಯಾಲೆ ಎಲ್ಲಾರೂ ನಕ್ರು. ಸಂಬಂಧ ಅಲ್ಲೇ ಕುದುರಿತು. ಮಳಿಗಿ ಉಳೀತಲ್ಲಪ್ಪಾ ಅಂತ ನಾ ನಿರಾಳ ಆಗಿ ಮನಿಗೆ ಬಂದೆ.

ಮರುದಿನ ಸಾವ್ಕಾರ್ರ ಫೋನ್.

"ಲೇ, ಮುಂದಿನ ತಿಂಗಳು ನಿಶ್ಚಯಕ್ಕ ಬೀಗರು ಬರ್ತಾರ. ಅಷ್ಟ್ರಾಗ ನೀರು ಹಸರಾಗ್ಲಿಲ್ಲಂದ್ರ ಮಳಿಗಿ ಖಾಲಿ ಮಾಡು."